ಪ್ರತಿ ಪದವೂ ಸೊನ್ನೆಗೆ ಹೋದರೂ ಮೊತ್ತ ಯಾಕೆ ಸೊನ್ನೆ ಆಗಲ್ಲ?

ಪ್ರಶ್ನೆ: ನಾನು ಬಿ.ಎಸ್ಸಿ. ಮೊದಲ ವರ್ಷದಲ್ಲಿ ಓದುತ್ತಿದ್ದೇನೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಕೆಳಗಿನ ಮೊತ್ತದ ಲಿಮಿಟ್ ಕಂಡುಹಿಡಿಯಬೇಕಿತ್ತು. ಎನ್ ಅನಂತದ ಕಡೆ ಹೋಗುತ್ತದೆ.

1/(ಎನ್+1) + 1/(ಎನ್+2) + 1/(ಎನ್+3) + … + 1/(2ಎನ್)

ಪ್ರತಿ ಪದವೂ ಸೊನ್ನೆಗೆ ಹೋಗುತ್ತದೆ. ಮೊತ್ತದ ಲಿಮಿಟ್ ಅಂದರೆ ಲಿಮಿಟ್‌ಗಳ ಮೊತ್ತ ಎಂದು ಪಿಯುಸಿಯಲ್ಲಿ ಕಲಿತಿದ್ದೆ. ಹಾಗಾಗಿ ಸೊನ್ನೆ ಎಂದು ಬರೆದೆ. ಉತ್ತರ ಲಾಗ್ 2 ಅಂತೆ. ಎಲ್ಲಿ ತಪ್ಪಿದೆ? ಇನ್ನೊಂದು ಲೆಕ್ಕ ಹೀಗಿದೆ:

1/√(ಎನ್²+1) + 1/√(ಎನ್²+2) + … + 1/√(ಎನ್²+ಎನ್)

ಇದನ್ನೂ ಇಂಟಿಗ್ರಲ್ ಮಾಡಲು ಹೋಗಿ ಸಿಕ್ಕಿಹಾಕಿಕೊಂಡೆ. ಇದರ ಉತ್ತರ 1. ಇದಕ್ಕೆ ಇಂಟಿಗ್ರಲ್ ಬೇಡ ಎಂದು ಗೆಳತಿ ಹೇಳುತ್ತಾಳೆ. ಯಾವುದಕ್ಕೆ ಯಾವ ದಾರಿ ಎಂದು ನೋಡಿದ ಕೂಡಲೇ ತಿಳಿಯುವುದು ಹೇಗೆ?

ಉತ್ತರ: ಮೊದಲ ಲೆಕ್ಕದ ಉತ್ತರ ಲಾಗ್ 2 ಅನ್ನುವುದು ಸರಿ. ನೀವು ಬರೆದ ಸೊನ್ನೆ ತಪ್ಪು. ಆದರೆ ನೀವು ಸುಮ್ನೆ ಊಹೆ ಮಾಡಿ ಬರೆದಿಲ್ಲ, ಒಂದು ನಿಯಮವನ್ನು ಹಿಡಿದು ಬರೆದಿದ್ದೀರಿ. ಈ ತಪ್ಪನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಚೆನ್ನಾಗಿ ಓದುವ ಮಕ್ಕಳ ಉತ್ತರಪತ್ರಿಕೆಯಲ್ಲೇ ಅದು ಜಾಸ್ತಿ. ಅದಕ್ಕೇ ಸ್ವಲ್ಪ ನಿಧಾನವಾಗಿ ಬರೆಯುತ್ತೇನೆ. ಪಕ್ಕದಲ್ಲಿ ಒಂದು ಕ್ಯಾಲ್ಕುಲೇಟರ್ ಮತ್ತು ಗ್ರಾಫ್ ಹಾಳೆ ಇಟ್ಟುಕೊಂಡು ಓದಿ.

ಯಾವ ಸೂತ್ರಕ್ಕೂ ಕೈ ಹಾಕುವ ಮೊದಲು ಮೊತ್ತವನ್ನು ಲೆಕ್ಕ ಹಾಕಿ ನೋಡೋಣ. ಎನ್ = 1 ಆದರೆ ಒಂದೇ ಪದ, 1/2. ಅಂದರೆ 0.5. ಎನ್ = 2 ಆದರೆ 1/3 + 1/4, ಅಂದರೆ 0.5833. ಎನ್ = 4 ಆದರೆ 1/5 + 1/6 + 1/7 + 1/8, ಅಂದರೆ 0.6345. ಎನ್ = 10 ಆದರೆ 0.6688. ಎನ್ = 100 ಆದರೆ 0.6907. ಎನ್ = 1000 ಆದರೆ 0.6929.

ಮೊತ್ತ ಇಳಿಯುತ್ತಲೇ ಇಲ್ಲ, ಅಲ್ವಾ? ಮೆಲ್ಲಗೆ ಏರುತ್ತಿದೆ. ಲಾಗ್ 2 ಅಂದರೆ 0.693147. (ಇಲ್ಲಿ ಲಾಗ್ ಎಂದಾಗೆಲ್ಲ ಆಧಾರ ಇ, ಅಂದರೆ ಸುಮಾರು 2.71828.) ಪರೀಕ್ಷೆಯಲ್ಲಿ ಎನ್ = 1000ಕ್ಕೆ ಲೆಕ್ಕ ಹಾಕಲು ಸಮಯ ಇರುವುದಿಲ್ಲ, ನಿಜ. ಆದರೆ ಎನ್ = 1, 2, 4 ಹಾಕಲು ಒಂದು ನಿಮಿಷ ಸಾಕು. ಆ ಒಂದು ನಿಮಿಷ ಕೊಟ್ಟಿದ್ದರೆ ಸೊನ್ನೆ ಎಂದು ಬರೆಯಲು ನಿಮಗೇ ಮನಸ್ಸು ಬರುತ್ತಿರಲಿಲ್ಲ.

ಸೊನ್ನೆ ಆಗಲು ಸಾಧ್ಯವೇ ಇಲ್ಲ ಎಂದು ತೋರಿಸಲು ಒಂದೇ ಸಾಲು ಸಾಕು. ಇಲ್ಲಿ ಒಟ್ಟು ಎನ್ ಪದಗಳಿವೆ. ಎಲ್ಲಕ್ಕಿಂತ ಸಣ್ಣದು ಕೊನೆಯದು, 1/(2ಎನ್). ಪ್ರತಿ ಪದವೂ ಅಷ್ಟಾದರೂ ಇದೆ. ಹಾಗಾಗಿ ಮೊತ್ತ ಎನ್ × 1/(2ಎನ್) ಆದರೂ ಇರಲೇಬೇಕು. ಅಂದರೆ 1/2. ಎನ್ ಎಷ್ಟೇ ದೊಡ್ಡದಾಗಲಿ, ಮೊತ್ತ ಅರ್ಧಕ್ಕಿಂತ ಕೆಳಗೆ ಬರುವುದಿಲ್ಲ. ಅದೇ ರೀತಿ ಎಲ್ಲಕ್ಕಿಂತ ದೊಡ್ಡ ಪದ 1/(ಎನ್+1). ಆದ್ದರಿಂದ ಮೊತ್ತ ಎನ್/(ಎನ್+1)ಕ್ಕಿಂತ ಜಾಸ್ತಿ ಆಗದು, ಅದು 1ಕ್ಕಿಂತ ಕಡಿಮೆ. ಉತ್ತರ ಅರ್ಧ ಮತ್ತು 1ರ ನಡುವೆ ಎಲ್ಲೋ ಇದೆ ಎಂದು ಈಗಲೇ ಗೊತ್ತಾಯಿತು.

ಹಾಗಾದರೆ ನೀವು ಕಲಿತ ನಿಯಮ ಸುಳ್ಳೇ? ಸುಳ್ಳಲ್ಲ. ಆ ನಿಯಮದ ಜೊತೆ ಒಂದು ಷರತ್ತು ಇದೆ. ಪಾಠ ಮಾಡುವಾಗ ನಾವು ಅದನ್ನು ಗಟ್ಟಿಯಾಗಿ ಹೇಳುವುದಿಲ್ಲ. ಎರಡು ಪದ ಇದ್ದರೆ ನಿಯಮ ಸರಿ. ಮೂರಿದ್ದರೂ ಸರಿ, ಐನೂರು ಇದ್ದರೂ ಸರಿ. ಪದಗಳ ಸಂಖ್ಯೆ ಮಾತ್ರ ಮೊದಲೇ ನಿಗದಿಯಾಗಿರಬೇಕು, ಎನ್ ಬೆಳೆದಂತೆ ಅದು ಬೆಳೆಯಬಾರದು. ನಿಮ್ಮ ಲೆಕ್ಕದಲ್ಲಿ ಎನ್ = 10 ಆದಾಗ ಹತ್ತು ಪದ, ಎನ್ = 1000 ಆದಾಗ ಸಾವಿರ ಪದ. ಒಂದೊಂದು ಪದ ಸಣ್ಣದಾಗುತ್ತಾ ಹೋಗುವ ಹೊತ್ತಿಗೇ ಪದಗಳ ಸಂಖ್ಯೆ ಏರುತ್ತಾ ಹೋಗುತ್ತದೆ. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎನ್ನುತ್ತೇವಲ್ಲ, ಇಲ್ಲಿ ಆಗುತ್ತಿರುವುದು ಅದೇ. ಹನಿ ಸಣ್ಣದು ಎಂದು ಹಳ್ಳ ಇಲ್ಲ ಎನ್ನಲು ಬರುವುದಿಲ್ಲ. ಎಷ್ಟು ಹನಿ ಎಂದೂ ಕೇಳಬೇಕು.

ಇದನ್ನು ಇನ್ನೂ ಸರಳ ಮಾಡಬಹುದು. 1/ಎನ್ ಅನ್ನು ಎನ್ ಸಲ ಕೂಡಿಸಿ. ಪ್ರತಿ ಪದ ಸೊನ್ನೆಗೆ ಹೋಗುತ್ತದೆ. ಮೊತ್ತ ಮಾತ್ರ ಯಾವಾಗಲೂ 1. ನಿಮ್ಮ ನಿಯಮ ಇಲ್ಲೂ ಸೊನ್ನೆ ಎನ್ನುತ್ತಿತ್ತು.

ಆದ್ದರಿಂದ ಇಂಥ ಲೆಕ್ಕ ಕಂಡ ಕೂಡಲೇ ಎರಡು ಪ್ರಶ್ನೆ ಕೇಳಿಕೊಳ್ಳಿ. ಎಷ್ಟು ಪದ? ಒಂದೊಂದು ಪದ ಸುಮಾರು ಎಷ್ಟು ದೊಡ್ಡದು? ಎರಡನ್ನೂ ಗುಣಿಸಿ ನೋಡಿ. ಉದಾಹರಣೆಗೆ ನಿಮ್ಮ ಮೊತ್ತದಲ್ಲೇ ಪ್ರತಿ ಛೇದವನ್ನು ವರ್ಗ ಮಾಡಿ: 1/(ಎನ್+1)² + … + 1/(2ಎನ್)². ಈಗ ಪದಗಳು ಎನ್, ಒಂದೊಂದೂ 1/ಎನ್²ಕ್ಕಿಂತ ಸಣ್ಣದು. ಗುಣಿಸಿದರೆ 1/ಎನ್. ಮೊತ್ತ ಅದಕ್ಕಿಂತಲೂ ಕಡಿಮೆ, ಹಾಗಾಗಿ ಸೊನ್ನೆಗೆ ಹೋಗುತ್ತದೆ. ಇಲ್ಲಿ ನಿಮ್ಮ ಸೊನ್ನೆ ಸರಿಯಾಗುತ್ತಿತ್ತು, ಕಾರಣ ಮಾತ್ರ ಬೇರೆ. ಈಗ ವರ್ಗದ ಬದಲು ವರ್ಗಮೂಲ ಹಾಕಿ: 1/√(ಎನ್+1) + … + 1/√(2ಎನ್). ಒಂದೊಂದು ಪದವೂ ಕನಿಷ್ಠ 1/√(2ಎನ್). ಎನ್ ಪದ ಸೇರಿದರೆ ಕನಿಷ್ಠ √(ಎನ್/2). ಇದು ಮಿತಿಯಿಲ್ಲದೆ ಬೆಳೆಯುತ್ತದೆ. ಮೂರೂ ಲೆಕ್ಕಗಳಲ್ಲಿ ಪ್ರತಿ ಪದವೂ ಸೊನ್ನೆಗೇ ಹೋಗುತ್ತದೆ. ಒಂದರ ಮೊತ್ತ ಸೊನ್ನೆ, ಒಂದರದ್ದು ಅನಂತ, ಒಂದರದ್ದು ಲಾಗ್ 2. ಪದಗಳ ಸಂಖ್ಯೆ ಮತ್ತು ಪದದ ಗಾತ್ರ ಸರಿಸಮವಾಗಿ ಜಗ್ಗಾಡಿದಾಗಲೇ ನಡುವಿನ ಉತ್ತರ ಸಿಗುವುದು.

ಈಗ ಆ ನಡುವಿನ ಉತ್ತರ ನಿಖರವಾಗಿ ಲಾಗ್ 2 ಆಗಿದ್ದು ಹೇಗೆ ಎಂದು ನೋಡೋಣ. ಗ್ರಾಫ್ ಹಾಳೆ ತೆಗೆಯಿರಿ. ಇದು ನನಗೆ ಬಹಳ ಇಷ್ಟದ ಭಾಗ.

ಎನ್ = 4 ಎಂದೇ ಇಟ್ಟುಕೊಳ್ಳಿ. ಅಡ್ಡ ಗೆರೆಯ ಮೇಲೆ 0ಯಿಂದ 1ರವರೆಗೆ ನಾಲ್ಕು ಸಮ ಭಾಗ ಮಾಡಿ. ಪ್ರತಿ ಭಾಗದ ಅಗಲ 1/4. ಈಗ 1/(1+ಎಕ್ಸ್) ಎನ್ನುವ ಫಂಕ್ಷನ್‌ನ ಗೆರೆ ಎಳೆಯಿರಿ. ಅದು 0ಯಲ್ಲಿ 1ರ ಎತ್ತರದಿಂದ ಹೊರಟು, ಇಳಿಯುತ್ತಾ ಬಂದು, 1ರಲ್ಲಿ ಅರ್ಧದ ಎತ್ತರಕ್ಕೆ ಬರುತ್ತದೆ. ಪ್ರತಿ ಭಾಗದ ಬಲತುದಿಯಲ್ಲಿ ಗೆರೆಯ ಎತ್ತರ ನೋಡಿ. 1/4ರಲ್ಲಿ 4/5. 1/2ರಲ್ಲಿ 2/3. 3/4ರಲ್ಲಿ 4/7. 1ರಲ್ಲಿ 1/2. ಅಷ್ಟು ಎತ್ತರದ ನಾಲ್ಕು ಆಯತಗಳನ್ನು ನಿಲ್ಲಿಸಿ. ಎತ್ತರವನ್ನು ಅಗಲದಿಂದ, ಅಂದರೆ 1/4ರಿಂದ, ಗುಣಿಸಿದರೆ ಒಂದೊಂದರ ವಿಸ್ತೀರ್ಣ ಸಿಗುತ್ತದೆ. ಗುಣಿಸಿ ನೋಡಿ: 1/5, 1/6, 1/7, 1/8.

ಇದು ನಿಮ್ಮ ಮೊತ್ತವೇ! ನಾಲ್ಕು ಭಿನ್ನರಾಶಿಗಳು ಈಗ ನಾಲ್ಕು ಆಯತಗಳಾಗಿ ಗೆರೆಯ ಕೆಳಗೆ ನಿಂತಿವೆ. ಎನ್ ಜಾಸ್ತಿ ಮಾಡಿದಂತೆ ಆಯತಗಳು ಸಪೂರವಾಗುತ್ತವೆ, ಗೆರೆಯ ಕೆಳಗಿನ ಜಾಗವನ್ನು ತುಂಬುತ್ತಾ ಹೋಗುತ್ತವೆ. ಆ ಜಾಗದ ವಿಸ್ತೀರ್ಣ ಎಂದರೆ 0ಯಿಂದ 1ರವರೆಗೆ 1/(1+ಎಕ್ಸ್)ನ ಇಂಟಿಗ್ರಲ್. ಅದು ಲಾಗ್ (1+ಎಕ್ಸ್). 1 ಹಾಕಿದರೆ ಲಾಗ್ 2, 0 ಹಾಕಿದರೆ ಸೊನ್ನೆ. ಉತ್ತರ ಲಾಗ್ 2.

"ತುಂಬುತ್ತಾ ಹೋಗುತ್ತವೆ" ಎಂದು ನಾನು ಹೇಳಿದ ಮಾತ್ರಕ್ಕೆ ನಂಬಬೇಡಿ. ಅದನ್ನೂ ಲೆಕ್ಕದಿಂದಲೇ ತೋರಿಸಬಹುದು. ಗೆರೆ ಇಳಿಯುತ್ತಾ ಹೋಗುವುದರಿಂದ ಬಲತುದಿಯ ಎತ್ತರ ಹಿಡಿದ ಆಯತಗಳು ಗೆರೆಯ ಕೆಳಗೇ ಇರುತ್ತವೆ. ಎಡತುದಿಯ ಎತ್ತರ ಹಿಡಿದರೆ ಆಯತಗಳು ಗೆರೆಯ ಮೇಲೆ ಚಾಚುತ್ತವೆ. ಎನ್ = 4ಕ್ಕೆ ಎಡತುದಿಯ ಮೊತ್ತ 1/4 + 1/5 + 1/6 + 1/7, ಅಂದರೆ 0.7595. ಬಲತುದಿಯದ್ದು 0.6345. ನಿಜವಾದ ವಿಸ್ತೀರ್ಣ ಇವೆರಡರ ನಡುವೆ ಇರಲೇಬೇಕು. ಎರಡರ ವ್ಯತ್ಯಾಸ ಎಷ್ಟು? ನಡುವಿನ ಪದಗಳೆಲ್ಲ ಎರಡರಲ್ಲೂ ಇವೆ, ಕಳೆದಾಗ ಹೊರಟುಹೋಗುತ್ತವೆ. ಉಳಿಯುವುದು 1/4 − 1/8, ಅಂದರೆ 1/8. ಯಾವ ಎನ್ ಇದ್ದರೂ ಇದೇ ಕಥೆ: 1/ಎನ್ − 1/(2ಎನ್) = 1/(2ಎನ್). ಎನ್ ಬೆಳೆದಂತೆ ಈ ಅಂತರ ಸೊನ್ನೆಗೆ ಹೋಗುತ್ತದೆ. ಎರಡು ಮೊತ್ತಗಳ ನಡುವೆ ಸಿಕ್ಕಿಕೊಂಡ ಲಾಗ್ 2 ಬಿಟ್ಟು ಬೇರೆ ಎಲ್ಲಿಗೂ ಮೊತ್ತ ಹೋಗಲು ಜಾಗ ಉಳಿಯುವುದಿಲ್ಲ. ಇದು ಪೂರ್ತಿ ಸಾಧನೆ. ಪರೀಕ್ಷೆಯಲ್ಲಿ ಹೀಗೇ ಬರೆಯಬಹುದು.

ಇನ್ನೊಂದು ವಿಷಯ ಗಮನಿಸಿ. ಆಯತದ ತಲೆಗೂ ಗೆರೆಗೂ ನಡುವೆ ಉಳಿಯುವ ತುಣುಕು ಹೆಚ್ಚುಕಡಿಮೆ ತ್ರಿಕೋನದ ಹಾಗಿರುತ್ತದೆ. ಹಾಗಾಗಿ ನಿಮ್ಮ ಮೊತ್ತ ಲಾಗ್ 2ಕ್ಕಿಂತ ಕಡಿಮೆ ಬೀಳುವುದು ಆ ಅಂತರದ ಸುಮಾರು ಅರ್ಧದಷ್ಟು, ಅಂದರೆ 1/(4ಎನ್). ಮೇಲಿನ ಸಂಖ್ಯೆಗಳಲ್ಲಿ ಪರೀಕ್ಷಿಸಿ. ಎನ್ = 100 ಆದಾಗ 1/400, ಅಂದರೆ 0.0025 ಕಡಿಮೆ ಬೀಳಬೇಕು. 0.6931ರಿಂದ 0.0025 ಕಳೆದರೆ 0.6906. ಕ್ಯಾಲ್ಕುಲೇಟರ್ ಕೊಟ್ಟಿದ್ದು 0.6907. ಎಷ್ಟು ಹತ್ತಿರ ಬಂತು ನೋಡಿ! ಲಿಮಿಟ್ ಎಂದರೆ ಎಲ್ಲೋ ದೂರದಲ್ಲಿರುವ ಅನಂತದ ವಿಷಯ ಎಂದು ಅನಿಸುತ್ತಿದ್ದರೆ ಈ ಲೆಕ್ಕವನ್ನು ಒಮ್ಮೆ ಕೈಯಲ್ಲೇ ಮಾಡಿ. ಎಷ್ಟು ಪದಕ್ಕೆ ಎಷ್ಟು ಹತ್ತಿರ ಬಂದೆವು ಎಂದು ಹೇಳಲು ಬರುತ್ತದೆ.

ಚಿತ್ರ ಅರ್ಥವಾದ ಮೇಲೆ ಬರೆಯುವ ಕ್ರಮ ಸುಲಭ. ಸಾಮಾನ್ಯ ಪದ ಬರೆಯಿರಿ: 1/(ಎನ್+ಕೆ), ಕೆ 1ರಿಂದ ಎನ್‌ವರೆಗೆ. ಅದರಿಂದ ಒಂದು 1/ಎನ್ ಅನ್ನು ಹೊರಗೆ ತೆಗೆಯಿರಿ. ಒಳಗೆ 1/(1 + ಕೆ/ಎನ್) ಉಳಿಯುತ್ತದೆ. ಹೊರಗಿನ 1/ಎನ್ ಪಟ್ಟಿಯ ಅಗಲ, ಅದು ಡಿಎಕ್ಸ್ ಆಗುತ್ತದೆ. ಒಳಗಿನ ಕೆ/ಎನ್ ಪಟ್ಟಿಯ ತುದಿ ಇರುವ ಜಾಗ, ಅದು ಎಕ್ಸ್ ಆಗುತ್ತದೆ. 1/ಎನ್ ತೆಗೆದ ಮೇಲೆ ಒಳಗೆ ಕೆ ಮತ್ತು ಎನ್ ಎರಡೂ ಕೆ/ಎನ್ ಎಂಬ ಜೋಡಿಯಾಗಿ ಮಾತ್ರ ಕಾಣಬೇಕು. ಒಂಟಿ ಎನ್ ಎಲ್ಲೂ ಉಳಿಯಬಾರದು. ಇದೇ ಮುಖ್ಯ ಪರೀಕ್ಷೆ. ನಿಮ್ಮ ಎರಡನೇ ಲೆಕ್ಕ ಇದೇ ಪರೀಕ್ಷೆಯಲ್ಲಿ ಫೇಲ್ ಆಗುತ್ತದೆ, ಅದಕ್ಕೆ ಆಮೇಲೆ ಬರುತ್ತೇನೆ.

ಜಾಸ್ತಿ ಅಂಕ ಹೋಗುವುದು ಇಂಟಿಗ್ರಲ್‌ನ ಎಲ್ಲೆಗಳಲ್ಲಿ. ಬಹಳ ಜನ ಕಣ್ಣು ಮುಚ್ಚಿಕೊಂಡು 0ಯಿಂದ 1 ಎಂದು ಬರೆದುಬಿಡುತ್ತಾರೆ. ಎಲ್ಲೆ ಬರುವುದು ಕೆ/ಎನ್‌ನಿಂದ. ಮೊದಲ ಪದದಲ್ಲಿ ಅದು 1/ಎನ್, ಸೊನ್ನೆಗೆ ಹೋಗುತ್ತದೆ. ಕೊನೆಯ ಪದದಲ್ಲಿ ಎಷ್ಟು ಎಂದು ಪ್ರತಿ ಸಲವೂ ನೋಡಬೇಕು. ನಿಮ್ಮ ಮೊತ್ತವನ್ನು 1/(2ಎನ್)ಗೆ ನಿಲ್ಲಿಸದೆ 1/(3ಎನ್)ವರೆಗೆ ಒಯ್ದರೆ ಕೆ 2ಎನ್‌ವರೆಗೆ ಹೋಗುತ್ತದೆ. ಆಗ ಕೆ/ಎನ್ ಮುಗಿಯುವುದು 2ರಲ್ಲಿ. ಇಂಟಿಗ್ರಲ್ 0ಯಿಂದ 2, ಉತ್ತರ ಲಾಗ್ 3. ಫಂಕ್ಷನ್ ಅದೇ, ಎಲ್ಲೆ ಬೇರೆ.

ತುದಿಯಲ್ಲೇ ಎತ್ತರ ಅಳೆಯಬೇಕು ಎಂದೇನೂ ಇಲ್ಲ. ಪಟ್ಟಿಯ ಒಳಗೆ ಎಲ್ಲಿ ಬೇಕಾದರೂ ಅಳೆಯಬಹುದು. ಈ ಮೊತ್ತ ನೋಡಿ: 1/(2ಎನ್+1) + 1/(2ಎನ್+3) + … + 1/(4ಎನ್−1). ಇಲ್ಲಿ ಪದಗಳು ಎರಡೆರಡು ಹೆಜ್ಜೆ ಹಾಕುತ್ತವೆ. ಸಾಮಾನ್ಯ ಪದ 1/(2ಎನ್+2ಕೆ−1). ಎಕ್ಸ್ ಅನ್ನು (2ಕೆ−1)/(2ಎನ್) ಎಂದು ತೆಗೆದುಕೊಂಡರೆ ಅದು ಪ್ರತಿ ಪಟ್ಟಿಯ ಸರಿಯಾದ ನಡುಬಿಂದು. ಪದ 1/ಎನ್ × 1/(2(1+ಎಕ್ಸ್)) ಆಗುತ್ತದೆ. ಉತ್ತರ ಲಾಗ್ 2ರ ಅರ್ಧ, 0.3466. ಎನ್ = 2ಕ್ಕೇ ಈ ಮೊತ್ತ 1/5 + 1/7, ಅಂದರೆ 0.3429. ಎರಡೇ ಪದದಲ್ಲಿ ಇಷ್ಟು ಹತ್ತಿರ! ನಡುಬಿಂದುವಿನಲ್ಲಿ ಅಳೆದಾಗ ಒಂದು ಬದಿಯಲ್ಲಿ ಹೆಚ್ಚಾಗಿದ್ದು ಇನ್ನೊಂದು ಬದಿಯಲ್ಲಿ ಕಡಿಮೆಯಾಗಿದ್ದಕ್ಕೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಹಾಗಾಗಿ ತಪ್ಪು ಬೇಗ ಕರಗುತ್ತದೆ.

ಈಗ ನಿಮ್ಮ ಎರಡನೇ ಲೆಕ್ಕ. ನಿಮ್ಮ ಗೆಳತಿ ಹೇಳಿದ್ದು ಸರಿ. ಸಾಮಾನ್ಯ ಪದ 1/√(ಎನ್²+ಕೆ). ಎನ್ ಹೊರಗೆ ತೆಗೆದರೆ 1/ಎನ್ × 1/√(1 + ಕೆ/ಎನ್²). ಇಲ್ಲಿ ಒಳಗೆ ಇರುವುದು ಕೆ/ಎನ್², ಕೆ/ಎನ್ ಅಲ್ಲ. ಅದನ್ನು ಎಕ್ಸ್ ಎನ್ನಲು ಹೋದರೆ ಒಂಟಿ ಎನ್ ಒಂದು ಉಳಿದುಬಿಡುತ್ತದೆ. ನೀವು ಸಿಕ್ಕಿಹಾಕಿಕೊಂಡಿದ್ದು ಇಲ್ಲೇ ಇರಬೇಕು. ಆದರೆ ಆ ಕೆ/ಎನ್² ಎಷ್ಟು ದೊಡ್ಡದು ಎಂದು ಕೇಳಿ. ಕೆ ಜಾಸ್ತಿ ಅಂದರೆ ಎನ್. ಹಾಗಾಗಿ ಅದು 1/ಎನ್ ಮೀರುವುದಿಲ್ಲ. ಎಲ್ಲ ಪದಗಳಲ್ಲೂ ಒಟ್ಟಿಗೇ ಸೊನ್ನೆಯ ಹತ್ತಿರ ಹೋಗುತ್ತದೆ. ಅಂದರೆ ಎಲ್ಲ ಪದಗಳೂ 1/ಎನ್‌ನ ಆಸುಪಾಸಿನಲ್ಲೇ ಇವೆ. ಅಂಥವು ಎನ್ ಇವೆ. ಮೊತ್ತ 1ರ ಹತ್ತಿರ ಇರಬೇಕು.

ಇದನ್ನು ಗಟ್ಟಿ ಮಾಡಲು ಸ್ಯಾಂಡ್‌ವಿಚ್ ಪ್ರಮೇಯ ಸಾಕು: ಮೊತ್ತವನ್ನು ಕೆಳಗಿಂದ ಮೇಲಿಂದ ಎರಡು ಬೆಲೆಗಳ ನಡುವೆ ಹಿಂಡಿ, ಆ ಎರಡೂ ಒಂದೇ ಕಡೆ ಹೋದರೆ ಮೊತ್ತವೂ ಅಲ್ಲಿಗೇ ಹೋಗುತ್ತದೆ. ಮೊತ್ತ ಎನ್/√(ಎನ್²+ಎನ್)ಗಿಂತ ಕಡಿಮೆ ಇಲ್ಲ, ಎನ್/√(ಎನ್²+1)ಗಿಂತ ಜಾಸ್ತಿ ಇಲ್ಲ. ಎರಡೂ 1ಕ್ಕೆ ಹೋಗುತ್ತವೆ. ಎನ್ = 100 ಆದಾಗಲೇ ಕೆಳಗಿನದು 0.9950, ಮೇಲಿನದು 0.99995.

ಮೊದಲ ಲೆಕ್ಕಕ್ಕೂ ನಾವು ಇದನ್ನೇ ಮಾಡಿದ್ದೆವು, ನೆನಪಿದೆಯಾ? ಅರ್ಧ ಮತ್ತು 1ರ ನಡುವೆ ಎಂದಷ್ಟೇ ಗೊತ್ತಾಗಿತ್ತು. ಇಲ್ಲಿ ಉತ್ತರವೇ ಸಿಕ್ಕಿತು. ಈ ವ್ಯತ್ಯಾಸ ಎಲ್ಲಿಂದ ಬಂತು ಎನ್ನುವುದರಲ್ಲೇ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಇದೆ. ದೊಡ್ಡ ಪದವನ್ನು ಸಣ್ಣ ಪದದಿಂದ ಭಾಗಿಸಿ ನೋಡಿ. ಎರಡನೇ ಲೆಕ್ಕದಲ್ಲಿ ಅದು √((ಎನ್²+ಎನ್)/(ಎನ್²+1)). ಎನ್ ಬೆಳೆದಂತೆ 1ಕ್ಕೆ ಹೋಗುತ್ತದೆ. ಪದಗಳೆಲ್ಲ ಹೆಚ್ಚುಕಡಿಮೆ ಒಂದೇ ಎತ್ತರ, ಹಿಂಡಿದರೆ ಸಾಕು. ಮೊದಲ ಲೆಕ್ಕದಲ್ಲಿ ಅದು 2ಎನ್/(ಎನ್+1), 2ಕ್ಕೆ ಹೋಗುತ್ತದೆ. ಮೊದಲ ಪದ ಕೊನೆಯ ಪದದ ಎರಡರಷ್ಟು ಎತ್ತರವಾಗಿಯೇ ಉಳಿಯುತ್ತದೆ. ಪದಗಳ ಎತ್ತರದಲ್ಲಿ ಒಂದು ಇಳಿಜಾರು ಇದೆ. ಆ ಇಳಿಜಾರಿನ ಆಕಾರ ಹಿಡಿಯಲು ಇಂಟಿಗ್ರಲ್ ಬೇಕು. ನಾನು ತರಗತಿಯಲ್ಲಿ ಇದನ್ನೇ ಮೊದಲು ಮಾಡಿಸುತ್ತೇನೆ. ಇಡೀ ಲೆಕ್ಕ ಯಾವ ಕಡೆ ಹೋಗಬೇಕೆಂದು ಆ ಒಂದು ಭಾಗಾಕಾರ ಹೇಳುತ್ತದೆ.

ಇದನ್ನು ಪರೀಕ್ಷಿಸಲು ಎರಡನೇ ಲೆಕ್ಕದಲ್ಲಿ ಒಂದೇ ಒಂದು ಬದಲಾವಣೆ ಮಾಡಿ. ಕೆ ಇದ್ದಲ್ಲಿ ಕೆ² ಹಾಕಿ: 1/√(ಎನ್²+1²) + 1/√(ಎನ್²+2²) + … + 1/√(ಎನ್²+ಎನ್²). ನೋಡಲು ಅವಳಿ ಹಾಗಿದೆ. ಆದರೆ ಈಗ ದೊಡ್ಡ ಪದಕ್ಕೂ ಸಣ್ಣ ಪದಕ್ಕೂ ಇರುವ ಪ್ರಮಾಣ √2ಕ್ಕೆ ಹೋಗುತ್ತದೆ. ಹಿಂಡಿದರೆ 0.7071 ಮತ್ತು 1ರ ನಡುವೆ ಎಂದಷ್ಟೇ ಸಿಗುತ್ತದೆ. 1/ಎನ್ ಹೊರಗೆ ತೆಗೆಯಿರಿ. ಒಳಗೆ 1/√(1 + (ಕೆ/ಎನ್)²), ಜೋಡಿ ಸರಿಯಾಗಿದೆ. 0ಯಿಂದ 1ರವರೆಗೆ 1/√(1+ಎಕ್ಸ್²)ನ ಇಂಟಿಗ್ರಲ್ ಲಾಗ್ (1+√2), ಅಂದರೆ 0.8814.

ಇಂಟಿಗ್ರಲ್ ಇಲ್ಲದೆ, ಮೊತ್ತದ ಸೂತ್ರದಿಂದಲೇ ಮಾಡಲು ಬರುವ ಲೆಕ್ಕಗಳೂ ಇವೆ. (1² + 2² + … + ಎನ್²)/ಎನ್³ ತೆಗೆದುಕೊಳ್ಳಿ. ಮೇಲಿನದು ಎನ್(ಎನ್+1)(2ಎನ್+1)/6. ಭಾಗಿಸಿದರೆ (1+1/ಎನ್)(2+1/ಎನ್)/6. ಲಿಮಿಟ್ 1/3. ಎಕ್ಸ್²ನ ಇಂಟಿಗ್ರಲ್ ಮಾಡಿದರೂ ಅದೇ. ಈ ವರ್ಗಗಳ ಮೊತ್ತದ ಸೂತ್ರ, ಘನಗಳ ಮೊತ್ತದ ಸೂತ್ರ ಎರಡೂ 499ರಲ್ಲಿ ಆರ್ಯಭಟ ಬರೆದ ಗ್ರಂಥದಲ್ಲಿವೆ. ನಮ್ಮ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ ಇನ್ನೊಂದು ಹೆಜ್ಜೆ ಮುಂದೆ ಹೋದ. 1, 2, 3 ಎಂದೇ ಇರಬೇಕಿಲ್ಲ, ಯಾವುದೇ ಸಮಾಂತರ ಶ್ರೇಢಿಯ ಪದಗಳ ವರ್ಗಗಳನ್ನು, ಘನಗಳನ್ನು ಕೂಡಿಸುವ ನಿಯಮ ಕೊಟ್ಟ. ಕೇರಳದ ಮಾಧವನ ಪರಂಪರೆಯವರು ಈ ಮೊತ್ತಗಳನ್ನು ನೀವು ಈಗ ಕೇಳುತ್ತಿರುವ ರೀತಿಯಲ್ಲೇ ಕೇಳಿಕೊಂಡರು: ಎನ್ ಬಹಳ ದೊಡ್ಡದಾದಾಗ ಏನಾಗುತ್ತದೆ? ವರ್ಗಗಳ ಮೊತ್ತ ಎನ್³/3ರ ಹತ್ತಿರ, ಘನಗಳ ಮೊತ್ತ ಎನ್⁴/4ರ ಹತ್ತಿರ, ಮುಂದಿನ ಘಾತಗಳಿಗೂ ಹೀಗೇ. 16ನೇ ಶತಮಾನದಲ್ಲಿ ಜ್ಯೇಷ್ಠದೇವ ಮಲಯಾಳಂನಲ್ಲಿ ಬರೆದ ಯುಕ್ತಿಭಾಷಾದಲ್ಲಿ ಇದರ ವಿವರಣೆ ಇದೆ. ವೃತ್ತದ ಪರಿಧಿಗೆ ಅನಂತ ಶ್ರೇಣಿ ಕಟ್ಟಲು ಅವರಿಗೆ ಇದು ಬೇಕಾಗಿತ್ತು. ಈ ಹುಡುಕಾಟವನ್ನು ತಾಯ್ನುಡಿಯಲ್ಲೇ ಬರೆದಿಟ್ಟರು ಎನ್ನುವುದು ನನಗೆ ಇವತ್ತಿಗೂ ಸಂತೋಷ ಕೊಡುತ್ತದೆ.

ನಿಮ್ಮ ಮೊದಲ ಮೊತ್ತಕ್ಕೆ ಮಾತ್ರ ವರ್ಗಗಳಿಗಿರುವಂಥ ಚಿಕ್ಕ ಸೂತ್ರ ಇಲ್ಲ. 1/(ಎನ್+1)ರಿಂದ 1/(2ಎನ್)ವರೆಗಿನ ಮೊತ್ತವನ್ನು ಕೈಬೆರಳೆಣಿಕೆಯ ಚಿಹ್ನೆಗಳಲ್ಲಿ ಬರೆದು ಮುಗಿಸಲು ಬರುವುದಿಲ್ಲ. ಅದಕ್ಕೇ ವಿಸ್ತೀರ್ಣದ ದಾರಿ ಹಿಡಿಯಬೇಕಾಗುತ್ತದೆ. ವಿಸ್ತೀರ್ಣವನ್ನು ಇಂಥ ಮೊತ್ತಗಳ ಲಿಮಿಟ್ ಎಂದು 1823ರಲ್ಲಿ ಕೋಶಿ ವ್ಯಾಖ್ಯಾನ ಮಾಡಿದ. 1854ರಲ್ಲಿ ರೀಮನ್ ಅದನ್ನು ಇನ್ನೂ ಹೆಚ್ಚಿನ ಫಂಕ್ಷನ್‌ಗಳಿಗೆ ಹಿಗ್ಗಿಸಿದ. ನಿಮ್ಮ ಪುಸ್ತಕದಲ್ಲಿ ಈ ಮೊತ್ತಕ್ಕೆ ರೀಮನ್ ಮೊತ್ತ ಎಂದು ಹೆಸರಿರುವುದು ಅದಕ್ಕೆ.

ಒಂದು ಎಚ್ಚರಿಕೆ ಹೇಳಲೇಬೇಕು. ಈ ವಿಧಾನ ಕಲಿತ ಹುಮ್ಮಸ್ಸಿನಲ್ಲಿ ಎಲ್ಲ ಮೊತ್ತಕ್ಕೂ ಇದನ್ನು ಹಚ್ಚಲು ಹೋಗುತ್ತಾರೆ. 1/1² + 1/2² + … + 1/ಎನ್² ನೋಡಿ. ಇಲ್ಲಿ ಪದದ ಒಳಗೆ ಎನ್ ಇಲ್ಲವೇ ಇಲ್ಲ. ಎನ್ ಬೆಳೆದರೆ ಹೊಸ ಪದ ಸೇರುತ್ತದೆ ಅಷ್ಟೆ, ಹಳೆಯ ಪದಗಳು ಇದ್ದಲ್ಲೇ ಇರುತ್ತವೆ. 1 ಯಾವಾಗಲೂ 1, 1/4 ಯಾವಾಗಲೂ 1/4. ಬಲವಂತವಾಗಿ 1/ಎನ್ ತೆಗೆದು, ಕೆ/ಎನ್ ಜೋಡಿ ಮಾಡಿದರೆ ಹೊರಗೆ ಇನ್ನೊಂದು 1/ಎನ್ ಉಳಿಯುತ್ತದೆ. ಒಳಗೆ 0ಯಿಂದ 1ರವರೆಗೆ 1/ಎಕ್ಸ್²ನ ಇಂಟಿಗ್ರಲ್ ಬರುತ್ತದೆ, ಅದು ಅನಂತ. ಸೊನ್ನೆ ಗುಣಿಸು ಅನಂತ, ಏನೂ ತಿಳಿಯುವುದಿಲ್ಲ. ಇದು ಶ್ರೇಣಿ, ಇದರ ದಾರಿಯೇ ಬೇರೆ. ಇದರ ಮೊತ್ತ ಪೈ²/6 ಎಂದು 18ನೇ ಶತಮಾನದಲ್ಲಿ ಆಯ್ಲರ್ ಕಂಡುಹಿಡಿದ.

ಶ್ರೇಣಿಯ ಮಾತು ಬಂದಿದ್ದರಿಂದ, ನಿಮ್ಮ ಮೊತ್ತದ ಇನ್ನೊಂದು ಮುಖವನ್ನೂ ತೋರಿಸುತ್ತೇನೆ. 1 − 1/2 + 1/3 − 1/4 ಲೆಕ್ಕ ಹಾಕಿ. 0.5833 ಬರುತ್ತದೆ. ನಿಮ್ಮ ಮೊತ್ತ ಎನ್ = 2 ಆದಾಗಲೂ 0.5833. ಇದು ಆಕಸ್ಮಿಕ ಅಲ್ಲ. 1ರಿಂದ 1/(2ಎನ್)ವರೆಗೆ ಎಲ್ಲವನ್ನೂ ಕೂಡಿಸಿ, ಆಮೇಲೆ ಸಮಸಂಖ್ಯೆಯ ಛೇದದ ಪದಗಳನ್ನು ಎರಡೆರಡು ಸಲ ಕಳೆಯಿರಿ. ಒಂದು ಕಡೆ ಪ್ಲಸ್ ಮೈನಸ್ ಬರುವ ಶ್ರೇಣಿ ಸಿಗುತ್ತದೆ. ಇನ್ನೊಂದು ಕಡೆ ನೋಡಿದರೆ, 1/2, 1/4, 1/6ರ ಎರಡರಷ್ಟು ಎಂದರೆ 1, 1/2, 1/3. ಅಂದರೆ ನೀವು ಕಳೆದಿದ್ದು 1ರಿಂದ 1/ಎನ್‌ವರೆಗಿನ ಪದಗಳನ್ನೇ. ಉಳಿದದ್ದು 1/(ಎನ್+1)ರಿಂದ 1/(2ಎನ್). ಹಾಗಾಗಿ 1 − 1/2 + 1/3 − 1/4 + … ಎಂಬ ಪ್ರಸಿದ್ಧ ಶ್ರೇಣಿಯ ಮೊತ್ತವೂ ಲಾಗ್ 2 ಎಂದು ನೀವು ಈಗಾಗಲೇ ಸಾಧಿಸಿದ್ದೀರಿ.

ಕೊನೆಗೆ ನಿಮ್ಮ ಕೈಗೆ ಒಂದು ಲೆಕ್ಕ. ಇದರಲ್ಲಿ ಮೊತ್ತ ಕಾಣುವುದಿಲ್ಲ, ಗುಣಲಬ್ಧ ಇದೆ. 1 × 2 × 3 × … × ಎನ್, ಇದರ ಎನ್‌ನೇ ಮೂಲ ತೆಗೆದು ಎನ್‌ನಿಂದ ಭಾಗಿಸಿ. ಲಿಮಿಟ್ ಎಷ್ಟು? ಲಾಗ್ ತೆಗೆದುಕೊಳ್ಳಿ, ಗುಣಾಕಾರ ಸಂಕಲನ ಆಗುತ್ತದೆ. 1/ಎನ್ × ಲಾಗ್ (ಕೆ/ಎನ್) ಎಂಬ ಪದಗಳ ಮೊತ್ತ ಸಿಗಬೇಕು. 0ಯಿಂದ 1ರವರೆಗೆ ಲಾಗ್ ಎಕ್ಸ್‌ನ ಇಂಟಿಗ್ರಲ್ −1, ಆದ್ದರಿಂದ ಉತ್ತರ 1/ಇ, ಅಂದರೆ 0.3679. ಒಂದು ಕಡೆ ಜಾಗ್ರತೆ ಬೇಕು. ಲಾಗ್ ಎಕ್ಸ್ ಸೊನ್ನೆಯ ಹತ್ತಿರ ತಳವಿಲ್ಲದೆ ಇಳಿಯುತ್ತದೆ, ಮೊದಲ ಪಟ್ಟಿಯಲ್ಲಿ ಎಡತುದಿಯ ಎತ್ತರವೇ ಇಲ್ಲ. ಹಾಗಾಗಿ ಅಲ್ಲಿ ಎಡ ಬಲ ಮೊತ್ತಗಳ ವ್ಯತ್ಯಾಸ ತೆಗೆಯುವ ನಮ್ಮ ಉಪಾಯ ಹಾಗೇ ನಡೆಯುವುದಿಲ್ಲ. ಆ ಒಂದು ಪಟ್ಟಿಯನ್ನು ಬಿಟ್ಟು, 1/ಎನ್‌ನಿಂದ 1ರವರೆಗಿನ ಇಂಟಿಗ್ರಲ್ ಜೊತೆ ಹೋಲಿಸಿ. ನಿಮ್ಮ ಮೊತ್ತ −1 ಮತ್ತು −1 + 1/ಎನ್ + (ಲಾಗ್ ಎನ್)/ಎನ್ ಇವೆರಡರ ನಡುವೆ ಸಿಕ್ಕಿಕೊಳ್ಳುತ್ತದೆ. ತಾಳೆ ನೋಡಲು ಎರಡು ಸಂಖ್ಯೆ ಕೊಡುತ್ತೇನೆ: ಎನ್ = 10 ಆದಾಗ 0.4529, ಎನ್ = 100 ಆದಾಗ 0.3799.